ಇಗರ್ಜಿಯ ಮಗ್ಗುಲಿನ ಪಾಠಶಾಲೆ

ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಶುಭಾವಸರದಲ್ಲಿ, ದೇವಾಲಯದ ಕಟ್ಟಡ ಎದ್ದ ಬಗೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯನ್ನೂ ಈ ಸಂಚಿಕೆಯ ಇತರ ಲೇಖನಗಳು ನಿರೂಪಿಸುತ್ತವೆ. ನಾವು ಇಲ್ಲಿ ಹೇಳಹೊರಟಿರುವುದು ಇಗರ್ಜಿಯ ಮಗ್ಗುಲಲ್ಲಿಯೇ ಹಂಚಿನ ಮಾಡಿನಡಿ ನಿಂತಿರುವ ಪ್ರಾಥಮಿಕ ಶಾಲೆಯ ವಿಚಾರವನ್ನು. ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳಲ್ಲಿ ಹಳೆಯ ಇಗರ್ಜಿ ಇರುವಲ್ಲಿ ಬಹುಮಟ್ಟಿಗೆ ಒಂದು ಶಾಲೆಯೂ ಇದೆ, ಇಲ್ಲವೆ ಒಂದು ಕಾಲಕ್ಕೆ ಇತ್ತು. ನಮ್ಮ ಸಮಾಜದ ಕಾಲೇಜುಗಳ ಕುರಿತು, ಆಸ್ಪತ್ರೆಗಳ ಕುರಿತು ಬರೆದವರು ಹಲವರಿದ್ದಾರೆ. ಆದರೆ ಆ ಕಾಲೇಜಿಗೆ ಹೋದವರಿಗೂ, ಎಂದೂ ಹೋಗದೆ ಗದ್ದೆಯಲ್ಲಿಯೇ ಉಳಿದವರಿಗೂ ಮೊದಲ ಅಕ್ಷರ ತಿದ್ದಿಸಿದ ಈ ಸಣ್ಣ ಶಾಲೆಗಳ ಬಗ್ಗೆ ಬರೆದವರು ವಿರಳ.

ಇಗರ್ಜಿಯ ಆವರಣದಲ್ಲಿ ಎರಡು ಬಗೆಯ ದಾಖಲೆ ಪುಸ್ತಕಗಳಿವೆ. ಒಂದು, ವಿಗಾರರ ಕಪಾಟಿನಲ್ಲಿರುವ ಜ್ಞಾನಸ್ನಾನದ ಪುಸ್ತಕ. ಇನ್ನೊಂದು, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರುವ ಶಾಲಾ ದಾಖಲಾತಿ ಪುಸ್ತಕ. ಮೊದಲನೆಯದರಲ್ಲಿ ಇರುವುದು ನಮ್ಮ ಹೆಸರುಗಳು ಮಾತ್ರ. ಎರಡನೆಯದರಲ್ಲಿ ಊರಿನ ಹೆಸರುಗಳೆಲ್ಲ ಇವೆ. ಡಿಸೋಜ, ಪಿಂಟೊ, ಲೋಬೊಗಳ ನಡುವೆ ಶೆಟ್ಟಿ, ಪೂಜಾರಿ, ಮೂಲ್ಯ, ಆಚಾರ್ಯ, ಬ್ಯಾರಿ ಮನೆತನಗಳ ಮಕ್ಕಳು ಒಂದರ ಕೆಳಗೊಂದು ಸಾಲಾಗಿ ಕುಳಿತಿದ್ದಾರೆ. ನಮ್ಮ ಮಕ್ಕಳ ಜನ್ಮದಿನ ಜ್ಞಾನಸ್ನಾನದ ಚೀಟಿಯಿಂದ ಸರಿಯಾಗಿ ತಿಳಿಯುತ್ತಿತ್ತು. ನೆರೆಮನೆಯ ಮಗುವಿನ ತಾಯಿ ‘ಕಳೆದ ದೊಡ್ಡ ನೆರೆಗೆ ಮುಂಚೆ ಹುಟ್ಟಿದ್ದು’ ಎಂದರೆ, ಮಾಸ್ತರರು ಹಲ್ಲನ್ನೂ ಎತ್ತರವನ್ನೂ ನೋಡಿ ಒಂದು ತಾರೀಕು ಬರೆದುಕೊಳ್ಳುತ್ತಿದ್ದರು. ಹೀಗಾಗಿ ಊರಿನ ಹಿರಿಯರಲ್ಲಿ ಅನೇಕರು ಇಂದಿಗೂ ಕಾಗದಪತ್ರಗಳಲ್ಲಿ ಜೂನ್ 1ರಂದೇ ಹುಟ್ಟಿದವರು! ಇಗರ್ಜಿ ತನ್ನವರಿಗೆ ಜನ್ಮದಾಖಲೆ ಕೊಟ್ಟರೆ, ಅದರ ಶಾಲೆ ನೆರೆಯವರಿಗೂ ಅದನ್ನು ಕೊಟ್ಟಿತು. ಈ ಎರಡನೆಯ ಪುಸ್ತಕದ ಇತಿಹಾಸವೇ ನಮ್ಮ ಲೇಖನದ ವಸ್ತು.

ಐಗಳ ಮಠದಿಂದ ಅನುದಾನಿತ ಶಾಲೆಗೆ

1784ರ ಫೆಬ್ರವರಿ 24ರಂದು ಆರಂಭವಾದ ಶ್ರೀರಂಗಪಟ್ಟಣದ ಸೆರೆವಾಸ 1799ರ ಮೇ 4ರಂದು ಕೊನೆಗೊಂಡ ಮೇಲೆ, ಅಳಿದುಳಿದು ಕರಾವಳಿಗೆ ಮರಳಿದ ನಮ್ಮ ಪೂರ್ವಜರಿಗೆ ಮೊದಲು ಬೇಕಾಗಿದ್ದದ್ದು ತಲೆಯ ಮೇಲೊಂದು ಮಾಡು, ಉಳಲು ಒಂದಿಷ್ಟು ಭೂಮಿ, ಪ್ರಾರ್ಥಿಸಲು ಒಂದು ಇಗರ್ಜಿ. ವಿದ್ಯೆಯ ಮಾತು ಅನಂತರದ್ದು. ಆಗ ಊರಿನಲ್ಲಿ ಇದ್ದದ್ದು ಐಗಳ ಮಠ. ಐಗಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸಿ, ಲೆಕ್ಕಪತ್ರ ಓದುವಷ್ಟು ವಿದ್ಯೆಯನ್ನು ಕಲಿಸುತ್ತಿದ್ದರು. ಅಲ್ಲಿಗೆ ಹೋಗಲು ಅನುಕೂಲವಿದ್ದ ಮನೆಗಳು ಕೆಲವೇ.

ಹೊಸ ಬಗೆಯ ಶಾಲೆಗಳು ನಮ್ಮ ಜಿಲ್ಲೆಗೆ ಬಂದದ್ದು ಬಾಸೆಲ್ ಮಿಶನ್ನಿನವರ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಆ ಪ್ರಾಟೆಸ್ಟಂಟ್ ಬೋಧಕರು 1836ರಲ್ಲಿ ಕನ್ನಡ ಶಾಲೆಯನ್ನು ತೆರೆದರು. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ ಅವರೇ. ಅವರ ಶಾಲೆಗಳಿಗೆ ಮಕ್ಕಳನ್ನು ಕಳುಹಿಸಲು ನಮ್ಮ ಹಿರಿಯರು ಹಿಂಜರಿದದ್ದು ಸುಳ್ಳಲ್ಲ. ವಿದ್ಯೆ ಬೇಕು, ಆದರೆ ಮಕ್ಕಳ ವಿಶ್ವಾಸಕ್ಕೆ ಚ್ಯುತಿ ಬರಬಾರದು ಎಂಬ ಈ ಕಳವಳವೇ ನಮ್ಮ ಶಾಲೆಗಳ ಬೀಜ ಎನ್ನಬಹುದು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲಿನ ಧರ್ಮಭಗಿನಿಯರು ಮಂಗಳೂರಿಗೆ ಬಂದರು. 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳು ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು.

ಪಟ್ಟಣದಲ್ಲಿ ಹೀಗೆ ಹೊತ್ತಿಕೊಂಡ ದೀಪ ಹಳ್ಳಿಗೆ ತಲಪಲು ಸರ್ಕಾರದ ಅನುದಾನವೂ ನೆರವಾಯಿತು. 1854ರ ವುಡ್ ಮಹಾಶಯರ ಶಿಕ್ಷಣ ನಿರೂಪದ ಮೇರೆಗೆ ಖಾಸಗಿ ಆಡಳಿತದ ಶಾಲೆಗಳಿಗೆ ಸಹಾಯಧನ ಕೊಡುವ ಕ್ರಮ ಜಾರಿಗೆ ಬಂತು. ಅಂದು ನಮ್ಮ ಜಿಲ್ಲೆ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ, ಮಕ್ಕಳ ಪರೀಕ್ಷಾಫಲವನ್ನು ನೋಡಿ ಅನುದಾನವನ್ನು ನಿರ್ಧರಿಸುವ ಪದ್ಧತಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಇತ್ತು. ಮಗು ತಪ್ಪು ಓದಿದರೆ ಶಾಲೆಯ ಆದಾಯಕ್ಕೇ ಏಟು! ಆ ಪದ್ಧತಿ ಹೋದ ಮೇಲೂ ಇನ್‌ಸ್ಪೆಕ್ಟರರ ಭೇಟಿಯ ದಿನದ ಭಯಭಕ್ತಿ ಬಹುಕಾಲ ಉಳಿಯಿತು. ಹಾಗೆಂದು ಇನ್‌ಸ್ಪೆಕ್ಟರರೆಲ್ಲ ಭಯಂಕರರೇನಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ಮಕ್ಕಳಿಗಾಗಿ ಅವರು ಬರೆದ ಹಾಡು ಮತ್ತು ಕಥೆಗಳು ಕನ್ನಡ ನಾಡಿನ ಎಷ್ಟೋ ತಲೆಮಾರುಗಳ ನಾಲಗೆಯ ಮೇಲೆ ನಲಿದಿವೆ.

ನಾಲ್ಕು ನುಡಿಗಳ ನಡುವೆ

ನಮ್ಮ ಮನೆಯ ಮಾತು ಕೊಂಕಣಿ. ಗದ್ದೆಯ ಬದುವಿನಲ್ಲಿ, ಸಂತೆಯಲ್ಲಿ, ನೆರೆಮನೆಯ ಅಂಗಳದಲ್ಲಿ ಆಡಿದ ಮಾತು ತುಳು. ಬಲಿಪೂಜೆ ಎರಡನೆಯ ವತಿಕಾನ್ ಮಹಾಸಭೆಯ ಕಾಲದವರೆಗೂ ಲತೀನ್ ಭಾಷೆಯಲ್ಲಿ. ಇವುಗಳ ನಡುವೆ ಶಾಲೆಯ ಹೊಸ್ತಿಲು ದಾಟಿದ ಕೂಡಲೆ ಎದುರಾದದ್ದು ಕನ್ನಡ. ಮೊದಲ ತರಗತಿಯಲ್ಲಿ ‘ನೀರು ಕುಡಿಯಲು ಹೋಗಲೇ’ ಎಂದು ಕೇಳಲೂ ಬಾರದೆ ತುಟಿ ಕಚ್ಚಿ ಕುಳಿತ ದಿನಗಳು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಕ್ಕದಲ್ಲಿ ಕುಳಿತ ತುಳು ಮನೆಯ ಹುಡುಗನಿಗೂ, ಬ್ಯಾರಿ ಭಾಷೆಯ ಹುಡುಗಿಗೂ ಅದೇ ಪಾಡು. ಯಾರ ಮನೆಯ ಮಾತೂ ಅಲ್ಲದ ಕನ್ನಡ ಹೀಗೆ ಎಲ್ಲರೂ ಸಮನಾಗಿ ತಡವರಿಸಿ ಕಲಿತ ಮಾತಾಯಿತು; ಕಲಿತ ಮೇಲೆ ಎಲ್ಲರ ಮಾತೂ ಆಯಿತು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಶಾಲೆಯಲ್ಲಿ ಕನ್ನಡ ಕಲಿತದ್ದರಿಂದ ಕೊಂಕಣಿ ಸೊರಗಿತೆಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ನಮ್ಮ ಕೊಂಕಣಿ ಕನ್ನಡ ಲಿಪಿಯಲ್ಲಿಯೇ ಬೆಳೆದದ್ದು. ಯೇಸುಸಭೆಯ ಆಂಜೆಲೊ ಮಾಫೆಯಿ ಗುರುಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. 1912ರಲ್ಲಿ ಲೂವಿಸ್ ಮಸ್ಕರೇನ್ಹಸರು ‘ಕೊಂಕ್ಣಿ ದಿರ್ವೆಂ’ ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ ‘ರಾಕ್ಣೊ’ ಬಂತು. ಈ ಪತ್ರಿಕೆಗಳನ್ನು ಓದುವವರು ಎಲ್ಲಿಂದ ಬಂದರು? ಐದನೆಯ ತರಗತಿಯವರೆಗೆ ಇಗರ್ಜಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತು, ಅದೇ ಅಕ್ಷರಗಳಿಂದ ಮನೆಯ ಮಾತನ್ನು ಓದಿಕೊಂಡ ರೈತರು ಮತ್ತು ಗೃಹಿಣಿಯರು ಅವರು. ಸಂಜೆಯ ತೇರ್ಸಾದ ಬಳಿಕ ಅಜ್ಜಿಗೆ ಪ್ರಾರ್ಥನಾ ಪುಸ್ತಕ ಓದಿ ಹೇಳಿದ ಮೊಮ್ಮಗಳು, ಮುಂಬಯಿಯಿಂದ ಮಗ ಬರೆದ ಪತ್ರವನ್ನು ಇನ್ನೊಬ್ಬರ ಬಾಯಿಂದ ಕೇಳದೆ ತಾನೇ ಓದಿ ಕಣ್ಣೊರೆಸಿಕೊಂಡ ತಾಯಿ – ಇವರೆಲ್ಲ ಆ ಶಾಲೆಯ ಪದವೀಧರರು. ದೊತೊರ್ನ್ ಕಲಿಸಲೆಂದು ಕಟ್ಟಿದ ಶಾಲೆ ಒಂದು ಭಾಷೆಗೆ ಓದುಗರನ್ನೂ ಕೊಟ್ಟಿತು.

ಒಂದೇ ಸಾಲಿನ ಮಕ್ಕಳು

ಶಾಲೆ ಆರಂಭವಾಗುತ್ತಿದ್ದದ್ದು ಜೂನ್ ತಿಂಗಳ ಮಳೆಯೊಂದಿಗೆ. ಓಲೆಕೊಡೆ ಹಿಡಿದು, ಅಡಿಕೆಮರದ ಕಾಲುಸಂಕ ದಾಟಿ, ಒದ್ದೆ ಅಂಗಿಯಲ್ಲಿಯೇ ಬೆಂಚಿನ ಮೇಲೆ ಕುಳಿತರೆ ಹಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಮಾಸ್ತರರ ಮಾತು ಕೇಳಿಸುತ್ತಿರಲಿಲ್ಲ. ಆಗ ಎಲ್ಲರೂ ಸೇರಿ ಮಗ್ಗಿ ಹೇಳುವುದೇ ಪಾಠ. ಗೋಡೆಯ ಬದಿಯಲ್ಲಿ ಬೆಳೆದ ನೀರುಕಡ್ಡಿಯಿಂದ ಸ್ಲೇಟು ಒರೆಸುತ್ತಿದ್ದೆವು. ಯಾರಿಗೆ ಸಿಕ್ಕಿತೋ ಅವರು ಪಕ್ಕದವರಿಗೆ ಅರ್ಧ ಮುರಿದು ಕೊಡುವುದು ವಾಡಿಕೆ. ಏಣೆಲಿನ ನೇಜಿ ನೆಡುವ ದಿನಗಳಲ್ಲಿ ಒಕ್ಕಲು ಮನೆಗಳ ದೊಡ್ಡ ಮಕ್ಕಳು ಬರುತ್ತಿರಲಿಲ್ಲ. ನೇಜಿ ಮುಗಿದ ಮೇಲೆ ಅವರು ಹಿಂತಿರುಗದಿದ್ದರೆ, ಮಾಸ್ತರರು ಸಂಜೆ ಆ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. ಹಾಜರಿ ಕುಸಿದರೆ ಅನುದಾನಕ್ಕೆ ಕುತ್ತು ಎಂಬುದು ಅದಕ್ಕೆ ಒಂದು ಕಾರಣ. ಆದರೆ ಅದೊಂದೇ ಕಾರಣವಾಗಿತ್ತೆಂದು ಆ ಮಾಸ್ತರರನ್ನು ಬಲ್ಲ ಯಾರೂ ಹೇಳಲಾರರು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಕನ್ಯಾಮರಿಯಮ್ಮನವರಿಗೆ ಹೂವು ಅರ್ಪಿಸುವ ಸಂಭ್ರಮ. ಹಳ್ಳದ ಬದಿಯಲ್ಲಿ, ಬೇಲಿಯಲ್ಲಿ ಹೂವು ಆರಿಸಲು ನಮ್ಮೊಡನೆ ತಿರುಗುತ್ತಿದ್ದವರು ನಮ್ಮ ತರಗತಿಯ ಎಲ್ಲ ಮಕ್ಕಳು. ಅವರ ಮನೆಯ ಅಷ್ಟಮಿಗೆ, ಚೌತಿಗೆ ನಮಗೂ ಪಾಲು ಬರುತ್ತಿತ್ತು. ಯಾರೂ ಇದನ್ನು ಮತಸೌಹಾರ್ದವೆಂದು ಕರೆದದ್ದು ನೆನಪಿಲ್ಲ. ಆ ಪದ ನಮಗೆ ಆಗ ಗೊತ್ತಿರಲೂ ಇಲ್ಲ.

ಆದರೂ ಹಳೆಯ ದಿನಗಳೆಲ್ಲ ಬಂಗಾರವಾಗಿದ್ದವು ಎಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನೇ ತೆರೆಯಬೇಕಾಗಿ ಬಂದದ್ದು, ಆ ಮಕ್ಕಳಿಗೆ ಬೇರೆಡೆ ಬಾಗಿಲು ಮುಚ್ಚಿದ್ದರಿಂದ. ನಮ್ಮವರಲ್ಲಿಯೂ ಜ್ಞಾನಸ್ನಾನ ಪಡೆದು ಶತಮಾನಗಳಾದ ಮೇಲೂ ಜಾತಿಯ ಹೆಮ್ಮೆಯನ್ನು ಬಿಡದ ಮನೆತನಗಳಿದ್ದವು. ಒಡೆಯನ ಮಗ ಮತ್ತು ಒಕ್ಕಲಿನ ಮಗ ಒಂದೇ ಬೆಂಚಿನಲ್ಲಿ ಕುಳಿತರೂ ಮನೆಗೆ ಹೋದಾಗ ಒಬ್ಬ ಚಾವಡಿಯಲ್ಲಿ, ಇನ್ನೊಬ್ಬ ಅಂಗಳದಲ್ಲಿ. ಈ ಗೋಡೆಗಳನ್ನು ಶಾಲೆ ಒಡೆದುಹಾಕಿತೆಂದು ನಾವು ಹೇಳುವುದಿಲ್ಲ. ದಿನಕ್ಕೆ ಐದಾರು ಗಂಟೆಗಳ ಮಟ್ಟಿಗೆ ಅವು ಇಲ್ಲದ ಒಂದು ಜಾಗವನ್ನು ಮಾಡಿಕೊಟ್ಟಿತು. 1960 ಮತ್ತು 1970ರ ದಶಕಗಳಲ್ಲಿ ಕೇರ್ ಸಂಸ್ಥೆಯ ಗೋಧಿರವೆಯ ಸಜ್ಜಿಗೆ ಬಂದಾಗ, ಎಲ್ಲ ಜಾತಿಯ ಮಕ್ಕಳೂ ಜಗಲಿಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಎಲೆಯ ಮೇಲೆ ಅದನ್ನು ತಿಂದರು. ಹಸಿವಿನ ಮುಂದೆ ಹಳೆಯ ಕಟ್ಟಳೆ ನಿಲ್ಲಲಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಮೇರೆಗೆ ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕಾಗಿ ಬಂದಾಗ, ಆ ಕಾಗದವನ್ನು ತಾನೇ ಓದಿ ಸಹಿ ಹಾಕಬಲ್ಲವನಿಗೂ ಹೆಬ್ಬೆಟ್ಟು ಒತ್ತುವವನಿಗೂ ಇದ್ದ ಅಂತರವನ್ನು ಊರು ಕಣ್ಣಾರೆ ಕಂಡಿತು. ನಮ್ಮಲ್ಲಿ ಭೂಮಿ ಕಳೆದುಕೊಂಡವರೂ ಇದ್ದರು, ಪಡೆದವರೂ ಇದ್ದರು. ಇಬ್ಬರೂ ಒಂದೇ ಶಾಲೆಯಲ್ಲಿ ಅಕ್ಷರ ಕಲಿತವರೆಂಬುದು ಆ ಕಹಿಯನ್ನು ಸ್ವಲ್ಪವಾದರೂ ಕಡಿಮೆ ಮಾಡಿದ್ದರೆ ಅದು ದೇವರ ಕೃಪೆ.

ಹೆಣ್ಣುಮಕ್ಕಳೂ ಧರ್ಮಭಗಿನಿಯರೂ

ದಾಖಲಾತಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಹೆಚ್ಚಿದ ಕೀರ್ತಿ ಬಹುಪಾಲು ಧರ್ಮಭಗಿನಿಯರಿಗೆ ಸಲ್ಲುತ್ತದೆ. ಅಪೊಸ್ತಲಿಕ್ ಕಾರ್ಮೆಲಿನವರ ಬಳಿಕ 1887ರಲ್ಲಿ ಫಾದರ್ ಅರ್ಬನ್ ಸ್ಟೈನ್ ಅವರ ಪ್ರೇರಣೆಯಿಂದ ಮಂಗಳೂರಿನಲ್ಲಿಯೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ ಹುಟ್ಟಿತು. 1921ರ ಜುಲಾಯಿ 16ರಂದು ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸರು ಬೆಂದೂರಿನಲ್ಲಿ ಬೆಥನಿ ಸಭೆಯನ್ನು ಸ್ಥಾಪಿಸಿದರು. ಹಳ್ಳಿಯ ಬಡಮಕ್ಕಳ, ಮುಖ್ಯವಾಗಿ ಹೆಣ್ಣುಮಕ್ಕಳ ಶಿಕ್ಷಣ ಅದರ ಧ್ಯೇಯಗಳಲ್ಲೊಂದು. ಪಟ್ಟಣದ ಕಾನ್ವೆಂಟಿಗೆ ಮಗಳನ್ನು ಕಳುಹಿಸಲಾಗದ ಮನೆಯವರು ‘ಸಿಸ್ಟರರು ಇದ್ದಾರಲ್ಲ’ ಎಂಬ ಒಂದೇ ಧೈರ್ಯದಿಂದ ಇಗರ್ಜಿ ಶಾಲೆಗೆ ಕಳುಹಿಸಿದರು. ನಮ್ಮವರು ಮಾತ್ರವಲ್ಲ, ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಬಿಡಲು ಹಿಂದೆಗೆಯುತ್ತಿದ್ದ ನೆರೆಯ ಹಿಂದೂ, ಮುಸಲ್ಮಾನ ಮನೆಯವರೂ ಹಾಗೆಯೇ ಮಾಡಿದರು. ಬೀಡಿಯ ಸೂಪು ಮಡಿಲಿಗೇರುವ ಮುನ್ನ ನಾಲ್ಕಕ್ಷರ ಕಲಿತ ಆ ಹುಡುಗಿಯರು ಮುಂದೆ ತಾಯಂದಿರಾಗಿ ತಮ್ಮ ಮಕ್ಕಳನ್ನು ಶಾಲೆ ತಪ್ಪಿಸಲು ಬಿಡಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ದಕ್ಷಿಣ ಕನ್ನಡದ್ದು ಶೇಕಡ 88.57 ಇತ್ತು. ಈ ಅಂಕೆಯ ಹಿಂದೆ ಸರ್ಕಾರಿ ಶಾಲೆಗಳೂ ಹಲವು ಸಮಾಜಗಳ ಸಂಸ್ಥೆಗಳೂ ಇವೆ. ಇಗರ್ಜಿ ಶಾಲೆಗಳೂ ಇವೆ.

ಬಾಗಿಲು ಯಾರಿಗೆ ತೆರೆದಿತ್ತು?

1917ರ ಧರ್ಮಸಭೆಯ ಕಾನೂನು ಸಂಹಿತೆ, ಅನ್ಯಮತೀಯರಿಗೂ ತೆರೆದಿರುವ ಮಿಶ್ರ ಶಾಲೆಗಳಿಗೆ ಕಥೋಲಿಕ ಮಕ್ಕಳು ಹೋಗಬಾರದೆಂದು ವಿಧಿಸಿತ್ತು. ಯಾವ ಸಂದರ್ಭದಲ್ಲಿ ಸಮ್ಮತಿಸಬಹುದೆಂಬುದನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿತ್ತು. ಯುರೋಪಿನ ಪರಿಸ್ಥಿತಿಯಲ್ಲಿ ಹುಟ್ಟಿದ ಆ ನಿಯಮದ ಕಾಲದಲ್ಲಿಯೇ ನಮ್ಮ ಹಳ್ಳಿಯ ಶಾಲೆಗಳು ಊರಿನ ಎಲ್ಲ ಮಕ್ಕಳನ್ನೂ ಒಳಗೆ ಕರೆದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 30ನೆಯ ವಿಧಿಯಲ್ಲಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕನ್ನು ಕೊಟ್ಟಿತು. 28ನೆಯ ವಿಧಿಯಲ್ಲಿ, ಅನುದಾನಿತ ಶಾಲೆಯಲ್ಲಿ ಯಾವ ಮಗುವನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ವಿಧಿಸಿತು. ನಮ್ಮ ಮಕ್ಕಳು ದೊತೊರ್ನ್‌ಗೆ ಹೋದಾಗ ಉಳಿದವರಿಗೆ ನೀತಿಪಾಠ ಎಂಬ ಏರ್ಪಾಟು ಎಲ್ಲರಿಗೂ ಸಹಜವಾಗಿ ತೋರಿತು. ಕೊನೆಗೆ 1965ರ ಅಕ್ಟೋಬರ್ 28ರಂದು ಎರಡನೆಯ ವತಿಕಾನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ, ಹೊಸ ಧರ್ಮಸಭೆಗಳ ನಾಡುಗಳಲ್ಲಿ ಅನ್ಯಮತೀಯ ಮಕ್ಕಳೂ ಕಲಿಯುವ ಕಥೋಲಿಕ ಶಾಲೆಗಳು ತನಗೆ ವಿಶೇಷವಾಗಿ ಪ್ರಿಯವೆಂದು ಹೇಳಿತು. ಮಹಾಸಭೆ ಹೇಳಿದ್ದನ್ನು ನಮ್ಮ ಬಡ ಮಾಸ್ತರರು ಅದಾಗಲೇ ಮಾಡುತ್ತಿದ್ದರು.

ಸರ್ಕಾರದ ನೀತಿಗಳು ಬಂದವು, ಹೋದವು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ, ಉಳಿದ ಹೊತ್ತು ತಂದೆಯ ಕಸುಬಿನ ಕಲಿಕೆ ಎಂಬ ಯೋಜನೆ ತಂದರು. ಇದು ಹುಟ್ಟಿದ ಜಾತಿಗೆ ಮಗುವನ್ನು ಕಟ್ಟಿಹಾಕುವ ಕ್ರಮವೆಂದು ತೀವ್ರ ವಿರೋಧ ಎದ್ದು 1954ರಲ್ಲಿ ಯೋಜನೆ ರದ್ದಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಪಠ್ಯಪುಸ್ತಕ ಬದಲಾಯಿತು, ತರಗತಿಗಳ ವಿಂಗಡಣೆ ಬದಲಾಯಿತು. ಬದಲಾಗದೆ ಉಳಿದದ್ದು ಇಗರ್ಜಿಯ ಗಂಟೆ ಮತ್ತು ಶಾಲೆಯ ಗಂಟೆ.

ನಾವೇ ತೊರೆದ ಬೆಂಚು

ಇಂದು ದಾಖಲಾತಿ ಪುಸ್ತಕದ ಪುಟಗಳು ಬೇಗ ತುಂಬುವುದಿಲ್ಲ. ಕರಾವಳಿಯ ಅನೇಕ ಇಗರ್ಜಿ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿವೆ. ಹಲವು ಮುಚ್ಚುವ ಅಂಚಿನಲ್ಲಿವೆ. ಕಾರಣಗಳನ್ನು ಹುಡುಕುವಾಗ ನಾವು ಸಾಮಾನ್ಯವಾಗಿ ಸರ್ಕಾರದತ್ತ ಬೆರಳು ತೋರುತ್ತೇವೆ. ನಿವೃತ್ತರಾದ ಅನುದಾನಿತ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ತುಂಬದೆ ಉಳಿಯುವುದು ನಿಜ. ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದೂ ನಿಜ. ಆದರೆ ಇತಿಹಾಸ ಬರೆಯುವವರು ತಮ್ಮ ಪಾಲಿನ ಹೊಣೆಯನ್ನು ಮರೆಯಬಾರದು.

1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ತೆರೆದಾಗ ನಮ್ಮ ಯುವಕರು ಹಡಗು ಹತ್ತಿದರು, ವಿಮಾನ ಏರಿದರು. ಅಲ್ಲಿಂದ ಬಂದ ಹಣದಿಂದ ಮನೆಗಳು ತಾರಸಿಯಾದವು, ಇಗರ್ಜಿಗೆ ಹೊಸ ಗೋಪುರ ಬಂತು, ಮಕ್ಕಳು ಆಂಗ್ಲ ಮಾಧ್ಯಮ ಶಾಲೆಯ ವಾಹನ ಹತ್ತಿದರು. ಕೆಲಸದ ಅರ್ಜಿಯ ಮುಂದೆ ಇಂಗ್ಲಿಷ್ ಬಾರದೆ ಅವಮಾನಪಟ್ಟ ತಂದೆ ಮಗನಿಗೆ ಆ ಕಷ್ಟ ಬೇಡವೆಂದು ಬಯಸಿದ್ದರಲ್ಲಿ ತಪ್ಪೇನಿದೆ? ಸಭೆಗಳಲ್ಲಿ ಕನ್ನಡ ಶಾಲೆಯನ್ನು ಉಳಿಸಬೇಕೆಂದು ಭಾಷಣ ಮಾಡಿದ ನಮ್ಮಲ್ಲಿಯೇ ಎಷ್ಟು ಮಂದಿ ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿದೆವು? ಕಲಿಕೆಯ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದ್ದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯಲು ಮುಂದಾಯಿತು. ಹೀಗಿರುವಾಗ ಬಡತಂದೆಯನ್ನು ಮಾತ್ರ ಕನ್ನಡದ ಕಾವಲಿಗೆ ನಿಲ್ಲಿಸುವುದು ನ್ಯಾಯವಲ್ಲ.

ನಮ್ಮ ಚಿಂತೆ ಮಾಧ್ಯಮದ್ದಷ್ಟೇ ಅಲ್ಲ. ಕೈಲಾದವರೆಲ್ಲ ಬೇರೆಡೆಗೆ ಹೋದ ಮೇಲೆ ಇಗರ್ಜಿಯ ಶಾಲೆಯಲ್ಲಿ ಉಳಿದವರು ಕೈಲಾಗದವರು: ದಿನಗೂಲಿಯವರ ಮಕ್ಕಳು, ಬಯಲುಸೀಮೆಯಿಂದ ಕೆಲಸ ಅರಸಿ ಬಂದವರ ಮಕ್ಕಳು. ಅಲ್ಲಿ ಅವರಿಗೆ ಅಕ್ಷರ ದಾಸೋಹದ ಬಿಸಿಯೂಟ ಉಂಟು, ಅಕ್ಕರೆಯ ಶಿಕ್ಷಕಿ ಉಂಟು. ಇಲ್ಲದಿರುವುದು ನಮ್ಮ ಮಕ್ಕಳ ಜೊತೆ. ನಮ್ಮ ಮಕ್ಕಳಿಗೂ ಅವರ ಜೊತೆ ಇಲ್ಲ. ಊರಿನಲ್ಲಿ ಏನಾದರೂ ಗಾಳಿಮಾತು ಹಬ್ಬಿ ಮನಸ್ಸುಗಳು ಕದಡಿದಾಗ ನಮ್ಮ ತಲೆಮಾರಿನವರು ‘ಅವನು ನನ್ನ ಕ್ಲಾಸಿನವನು, ನಾನು ಕೇಳಿಕೊಂಡು ಬರುತ್ತೇನೆ’ ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆವು. ನಮ್ಮ ಮೊಮ್ಮಕ್ಕಳು ಯಾರ ಮನೆಗೆ ಹೋಗಿ ಕೇಳುತ್ತಾರೆ?

ಶತಮಾನೋತ್ಸವದ ಸವಿನೆನಪಿಗಾಗಿ ಏನು ಮಾಡಬೇಕೆಂದು ಹಲವು ಸಲಹೆಗಳು ಬಂದಿವೆ. ನಮ್ಮದು ಸಣ್ಣ ಕೋರಿಕೆ. ಜ್ಞಾನಸ್ನಾನದ ಪುಸ್ತಕಕ್ಕೆ ತೋರುವ ಗೌರವವನ್ನು ಆ ದಾಖಲಾತಿ ಪುಸ್ತಕಗಳಿಗೂ ತೋರಿ, ಗೆದ್ದಲಿಗೂ ಮಳೆಗೂ ಸಿಗದಂತೆ ಕಾಪಾಡೋಣ. ಜುಬಿಲಿಯ ಊಟಕ್ಕೆ ಅದರಲ್ಲಿರುವ ಎಲ್ಲ ಮನೆಗಳನ್ನೂ, ಯಾವ ಮತದವರೆಂದು ನೋಡದೆ ಕರೆಯೋಣ. ಶಾಲೆಯನ್ನು ಉಳಿಸುವುದಾದರೆ ಉಳಿದವರಿಗಾಗಿ ನಡೆಸುವ ಧರ್ಮಕಾರ್ಯವೆಂದು ಉಳಿಸದೆ, ಒಳ್ಳೆಯ ಇಂಗ್ಲಿಷನ್ನೂ ಒಳ್ಳೆಯ ಕನ್ನಡವನ್ನೂ ಕಲಿಸಿ, ನಮ್ಮ ಮಕ್ಕಳನ್ನೂ ಕಳುಹಿಸಲು ನಾಚದಂಥ ಶಾಲೆಯನ್ನಾಗಿ ಉಳಿಸೋಣ. ಅದು ನಮ್ಮಿಂದ ಆಗದಿದ್ದರೆ, ಎಲ್ಲರ ಮಕ್ಕಳೂ ಜೊತೆಯಾಗಿ ಕುಳಿತುಕೊಳ್ಳುವ ಬೇರೊಂದು ಜಾಗವನ್ನು ಈ ಊರಿನಲ್ಲಿ ಕಂಡುಕೊಳ್ಳುವ ಹೊಣೆ ನಮ್ಮ ಮೇಲಿದೆ.

ನೂರು ವರ್ಷ ನಮ್ಮನ್ನು ಕೈಹಿಡಿದು ನಡೆಸಿದ ದೇವರು, ನೆರೆಯವನನ್ನು ಗುರುತಿಸುವ ಕಣ್ಣನ್ನು ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆ ಹಳೆಯ ಬೆಂಚುಗಳಲ್ಲಿ ನಮಗೆ ಅಕ್ಷರ ತಿದ್ದಿಸಿ ಅಗಲಿದ ಎಲ್ಲ ಶಿಕ್ಷಕ ಶಿಕ್ಷಕಿಯರ ಆತ್ಮಗಳಿಗೆ ಚಿರಶಾಂತಿ ದೊರೆಯಲಿ.